ಎರಡನೇ ಎಣಿಕೆ

ಕಡಲು ಈ ಊರಿಗೆ ರಾತ್ರಿ ಲಾರಿಯಲ್ಲಿ ಬರುತ್ತದೆ,
ಥರ್ಮಾಕೋಲ್ ಪೆಟ್ಟಿಗೆಯೊಳಗೆ, ಐಸಿನಡಿ, ಸದ್ದಿಲ್ಲದೆ.
ಬೆಳಗಿನ ಐದಕ್ಕೆ ರಸೆಲ್ ಮಾರ್ಕೆಟ್ಟಿನ ಹಿಂಬದಿಯಲ್ಲಿ
ಅಫ್ಸರ್ ಪಾಷಾ ನನಗೆಂದೇ ತೆಗೆದಿಟ್ಟಿರುತ್ತಾನೆ
ಮೊಳದುದ್ದದ ತಾಟೆಗಳನ್ನು.
ಶಾರ್ಕ್ ಎಂದರೆ ಯಾರೂ ನಂಬದ ಗಾತ್ರ,
ಸಲಿಕೆಯಂಥ ಚಪ್ಪಟೆ ಮೂತಿ.
ಬಾಣಂತಿಗೆ ಹಾಲು ಹೆಚ್ಚುತ್ತದೆಂದು ಒಯ್ಯುವವರು ಒಯ್ಯುತ್ತಾರೆ.
"ಮಾಂಸ ಬಿಟ್ಟು ಮೂಳೆ ಕೇಳೋ ಗಿರಾಕಿ
ನೀವೊಬ್ರೇ ಮೇಡಂ" ಅನ್ನುತ್ತಾನೆ, ಚಿಲ್ಲರೆ ಕೊಡದೆ.
ಮೂಳೆಯಲ್ಲ ಅದು, ಮೃದ್ವಸ್ಥಿ.
ಆ ಹೊತ್ತಿನಲ್ಲಿ ವಾದ ಯಾರಿಗೆ ಬೇಕು.

ಹೆಬ್ಬಾಳದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು
ಯಾವತ್ತೂ ಖಾಲಿ.

ಬೇರೆ ಮೀನಿಗಾದರೆ ಕಿವಿಯೊಳಗೊಂದು ಕಲ್ಲಿರುತ್ತದೆ,
ಹುಟ್ಟಿದ್ದು ಯಾವಾಗ ಎಂದು ಅದನ್ನು ಕೇಳಬಹುದು.
ಇದಕ್ಕೆ ಅದಿಲ್ಲ.
ಬೆನ್ನನ್ನೇ ಕೇಳಬೇಕು.

ಮುನಿನಂಜಮ್ಮ ಬಳೆ ಕಳಚಿ ಕಿಟಕಿ ಸರಳಿಗೆ ಸಿಕ್ಕಿಸುತ್ತಾರೆ.
ಮೊದಲ ಬೆನ್ನುರೆಕ್ಕೆಯ ಕೆಳಗಿನ ಐದು ಮಣಿ,
ಬಿಸಿನೀರು, ಬ್ಲೀಚು, ಮೊಮ್ಮಗನ ಹಳೇ ಹಲ್ಲಿನ ಬ್ರಷ್ಷು.
ಒಣಗಿದ ಮೇಲೆ ಅಂಗಿ ಗುಂಡಿಯಷ್ಟು.
ರಾಳದಲ್ಲಿ ಹುಗಿದು, ವಜ್ರದಂಚಿನ ಗರಗಸಕ್ಕೆ ಕೊಟ್ಟು
ಉಗುರಿನಷ್ಟು ತೆಳ್ಳಗೆ ಸೀಳಿದರೆ
ಗಾಜಿನ ಮೇಲೊಂದು ಡಮರು:
ನಡು ಸಣ್ಣ, ಎರಡೂ ಕಡೆ ಅಗಲ,
ಮಸುಕು ಪಟ್ಟಿ, ತಿಳಿ ಪಟ್ಟಿ, ಮತ್ತೆ ಮಸುಕು.
ಜೋಡಿಗೊಂದು ವರ್ಷ
ಎಂದು ನಂಬಿದ್ದೇವೆ. ಸಾಕ್ಷಿ ಇನ್ನೂ ಹುಡುಕುತ್ತಿದ್ದೇವೆ.

ಇಬ್ಬರು ಎಣಿಸಬೇಕು, ಒಬ್ಬರದೊಬ್ಬರು ನೋಡದೆ.
ಮೀನಿನ ಉದ್ದ ಇಬ್ಬರಿಗೂ ತಿಳಿದಿರಬಾರದು,
ಉದ್ದ ತಿಳಿದ ಕಣ್ಣು ವಯಸ್ಸನ್ನು ಬೆಳೆಸುತ್ತದೆ.
ಎರಡನೇ ಎಣಿಕೆಯ ಹುಡುಗ ಕೆಲಸ ಸಿಕ್ಕಿ ಕೊಚ್ಚಿಗೆ ಹೋದ.
ಅವನ ಸ್ಟೂಲಿನ ಮೇಲೆ ಈಗ ಮುನಿನಂಜಮ್ಮ,
ಒಂದು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ.

ಸ್ಲೈಡು ನೂರ ಹದಿನೇಳು.
ನಾನು ನಾಲ್ಕು ಬರೆದಿದ್ದೆ. ಅವರು ಐದು.
"ಮಧ್ಯದ್ದು ಬಿಟ್ಬಿಟ್ರಿ. ತೆಳ್ಳಗೈತೆ,
ಹೊಟ್ಟೆಗಿಲ್ದ ವರ್ಷ ಇರ್ಬೇಕು.
ಹೊಟ್ಟೆಗಿಲ್ದಿದ್ರೂ ವರ್ಷ ವರ್ಷಾನೇ ಅಲ್ವಾ?"

ಅವರಿಗೆ ಈ ಮೇ ಮೂವತ್ತೊಂದಕ್ಕೆ ನಿವೃತ್ತಿ.
ಹುಟ್ಟಿದ್ದು ಜೂನ್ ಒಂದು,
ಅವರ ತರಗತಿಯ ಮೂವತ್ತೆರಡು ಮಕ್ಕಳೂ ಹುಟ್ಟಿದ್ದು ಜೂನ್ ಒಂದು.
ತಲೆ ಮೇಲಿಂದ ಬಲಗೈ ಬಳಸಿ
ಎಡಕಿವಿ ಮುಟ್ಟು ಅಂದರಂತೆ ಮೇಷ್ಟ್ರು.
ಮುಟ್ಟಿತು. ಆರು ವರ್ಷ ಎಂದು ಬರೆದುಕೊಂಡರು.
"ಕೈ ಉದ್ದ ಇದ್ದಿದ್ದು ನನ್ ತಪ್ಪಾ?"
ಅವ್ವನ ಲೆಕ್ಕ ಬೇರೆ: ಜಕ್ಕೂರು ಕೆರೆ ಕೋಡಿ ಹರಿದದ್ದು,
ಅಣ್ಣನಿಗೆ ಸಿಡುಬು ಎದ್ದ ಮಾರನೇ ವರ್ಷ.
ಆ ಪ್ರಕಾರ ಐವತ್ತೆಂಟು.
ಆಫೀಸಿನಲ್ಲಿ ಕೆರೆಯ ಸಹಿ ನಡೆಯುವುದಿಲ್ಲ.

ಮಧ್ಯಾಹ್ನ ನಾನು ಸಂಖ್ಯೆಗಳನ್ನು ಗೆರೆಗೆ ಕೂರಿಸುತ್ತೇನೆ.
ಒಂದು: ಎಷ್ಟು ಬದುಕಿದರೂ ಈ ಮೀನು ಮುಟ್ಟದ ಉದ್ದ.
ಇನ್ನೊಂದು: ಮುಟ್ಟದ ಅದರ ಕಡೆಗೆ ಎಷ್ಟು ಅವಸರ.
ಮೂರನೆಯದು, ಉದ್ದ ಸೊನ್ನೆಯಿದ್ದ ಗಳಿಗೆ,
ಯಾವಾಗಲೂ ಮೈನಸ್ಸಿನಲ್ಲಿ ಬೀಳುತ್ತದೆ,
ಹುಟ್ಟಿಗೆ ಮೊದಲು, ಒಮ್ಮೊಮ್ಮೆ ಬಸಿರಿಗೂ ಮೊದಲು.
ಅದಕ್ಕೆ ಅರ್ಥ ಹುಡುಕಬೇಡ, ಗೆರೆ ಕೂರಲು ಬೇಕು ಅಷ್ಟೇ,
ಎಂದಿದ್ದರು ನನ್ನ ಗೈಡು.
ಹುಡುಕುವುದಿಲ್ಲ. ಆದರೂ ಟೈಪು ಮಾಡುವಾಗ
ಬೆರಳು ತುಸು ನಿಲ್ಲುತ್ತದೆ.

ನೂರ ಹದಿನೇಳನ್ನು ಮೂರನೇ ಸಲ ನೋಡಬೇಕಿತ್ತು,
ಇಬ್ಬರೂ ಕೂತು. ಅಷ್ಟರಲ್ಲಿ ಕರೆಂಟು ಹೋಯಿತು,
ಯುಪಿಎಸ್ಸು ಎರಡು ಸಲ ಕೂಗಿ ಸುಮ್ಮನಾಯಿತು.
ಮುನಿನಂಜಮ್ಮ ಸ್ಲೈಡು ತೆಗೆದು ಕಿಟಕಿಗೆ ಹಿಡಿದರು,
ಬಳೆಗಳ ಪಕ್ಕಕ್ಕೆ, ಮೋಡದ ಬೆಳಕಿಗೆ,
ಕೈಲಿ ನನ್ನ ಭೂತಗನ್ನಡಿ.
ಕಿರುಬೆರಳ ಉಗುರು ಒಂದೊಂದೇ ಪಟ್ಟಿ ದಾಟಿತು.
ತೆಳ್ಳನೆಯದರ ಮೇಲೆ ನಿಂತಿತು. ನಾನು ನೋಡಿದೆ.
ನಾಲ್ಕನ್ನು ಹೊಡೆದು ಐದು ಮಾಡಿದೆ.

ಉಗುರು ಇನ್ನೂ ಇಳಿದಿರಲಿಲ್ಲ.
"ಅಂಚಲ್ಲಿ ನೋಡಿ ಮೇಡಂ," ಅಂದರು,
"ಇನ್ನೊಂದು ಶುರು ಮಾಡ್ಕೊಂಡಿತ್ತು."