ಏಳನೇ ಕಲಂ

ಏಳನೇ ಕಲಂ: ದಿನಕ್ಕೆ ಎಷ್ಟು ಸಿಗರೇಟು?
ಸೊನ್ನೆ, ಎಂದಳು ಲೋ ಪೀ-ಯುನ್.
ಎಂಟು: ಎಷ್ಟು ವರ್ಷದಿಂದ?
ಸೊನ್ನೆಗೂ ವರ್ಷಗಳಿರುತ್ತವೆಯೇ ಮಗೂ,
ಇದ್ದರೆ ಅರವತ್ತಮೂರು ಅಂತ ಬರೆದುಕೋ.

ಕೀಲುಂಗ್ ಬಂದರಿನ ಆಸ್ಪತ್ರೆ, ಮೂರನೇ ಮಹಡಿ.
ಕೆಳಗೆ ಹಡಗೊಂದು ಹೊಗೆ ಉಗುಳುತ್ತಾ
ಯಾರ ಅಪ್ಪಣೆಯನ್ನೂ ಕೇಳದೆ ನಿಂತಿದೆ.
ನನ್ನ ಮೇಜಿನ ಮೇಲೆ ಇನ್ನೂರ ಹನ್ನೊಂದು ನಮೂನೆಗಳು,
ಮಾರ್ಚಿಗೆ ಮುಗಿಯುವ ಅನುದಾನ,
ಮುಚ್ಚಳ ಕಳೆದ ಪೆನ್ನು.

ಪೀ-ಯುನ್ ಅಂದರೆ ಹಸಿರು ಮೋಡ.
ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು
ಇಲ್ಲೊಂದು ಮೋಡದಂಥದ್ದು, ಎಂದಾಗ
ನಕ್ಕುಬಿಟ್ಟಳಂತೆ: ಹುಟ್ಟಿದಾಗಲೇ ಅಪ್ಪ ಬರೆಸಿದ್ದರು,
ನೀವು ಓದುವುದಕ್ಕೆ ಇಷ್ಟು ಹೊತ್ತು.

ಅದಕ್ಕೂ ಮೊದಲು ಎರಡು ವರ್ಷ ಕೆಮ್ಮು.
ಒಬ್ಬರು ಶೀತ ಎಂದರು, ಒಬ್ಬರು ವಯಸ್ಸು,
ಮುಟ್ಟು ನಿಂತ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದರು ಇನ್ನೊಬ್ಬರು.
ತಪಾಸಣೆಯ ಶಿಬಿರಕ್ಕೆ ಹೋದರೆ
ಬಾಗಿಲಲ್ಲೇ ಹುಡುಗನೊಬ್ಬ ಕೇಳಿದ: ಸೇದುತ್ತೀರಾ?
ಇಲ್ಲ.
ಹಾಗಾದರೆ ಇದು ನಿಮಗಲ್ಲ.
ಗಂಡ ಒಳಗೆ ಹೋದ. ಇಪ್ಪತ್ತು ನಿಮಿಷ.
ಏನೂ ಇಲ್ಲವಂತೆ ಎಂದು ಹೊರಬಂದವನು
ಖುಷಿಗೆ ಒಂದು ಹಚ್ಚಿದ.

ಊರ ಬಾಯಲ್ಲಿ ಗಾದೆ ಯಾವಾಗಲೂ ಸಿದ್ಧ:
ಬೆಂಕಿಯಿಲ್ಲದೆ ಹೊಗೆಯಾಡೀತೇ?
ಕದ್ದು ಸೇದಿರಬೇಕು, ಮೀನು ಮಾರುಕಟ್ಟೆಯ ಹಿಂದೆ.
ಆಣೆ ಮಾಡಿ ಮಾಡಿ ಅವಳ ದನಿ ಕೂತಿತು.
(ದನಿ ಕೂರಲು ಬೇರೆ ಕಾರಣವಿತ್ತು,
ಅದು ಆಮೇಲೆ ಪರದೆಯಲ್ಲಿ ಸಿಕ್ಕಿತು.)

ಹಾಳೆ ತಿರುಗಿಸು, ಎಂದಳು, ಹಿಂದೆ ಖಾಲಿ ಇದೆಯಲ್ಲ.
ಬರಿ: ನಲವತ್ತು ವರ್ಷ ಮೊಟ್ಟೆಯೊಳಗೆ ಸಿಂಪಿ ಹುರಿದೆ,
ಎಣ್ಣೆ ಹೊಗೆಯೇಳುವ ತನಕ ಕಾಯದಿದ್ದರೆ
ಅತ್ತೆ ತಟ್ಟೆ ಸರಿಸುತ್ತಿದ್ದಳು.
ಅಡುಗೆಮನೆಯ ಕಿಟಕಿಗೂ ಪಕ್ಕದವರ ಗೋಡೆಗೂ ಒಂದು ಗೇಣು.
ಬರಿ: ದೇವರಿಗೆ ದಿನಾ ಮೂರು ಊದುಬತ್ತಿ,
ಹುಣ್ಣಿಮೆ ಅಮಾವಾಸ್ಯೆಗೆ ಕಾಗದ ಸುಡುವುದು.
ಬರಿ: ಹ್ವಾಲಿಯೆನ್‌ನಲ್ಲಿ ನನ್ನ ತಂಗಿ,
ನಲವತ್ತೊಂಬತ್ತು, ಇದೇ ರೋಗ,
ಅವಳನ್ನು ಯಾರೂ ಏನೂ ಕೇಳಲಿಲ್ಲ.
ನನ್ನ ಕೈ ಸೋತಿತು. ಪೆನ್ನು ಕಿತ್ತುಕೊಂಡು
ಉಳಿದದ್ದನ್ನು ಅವಳೇ ಗೀಚಿದಳು.
ಕೊನೆಯ ಸಾಲೊಂದೇ ಸ್ಪಷ್ಟ:
ಒಲೆಗೆ ಹತ್ತಿರ ಯಾರು ನಿಲ್ಲುತ್ತಾರೆ, ಅದನ್ನು ಕೇಳಿ.

ಸಿಕ್ಕಿತಲ್ಲ, ಅಂದುಕೊಂಡೆ.
ಹೊಸ ಕಲಮಿಗೆ ಗೆರೆ ಎಳೆದೆ, ತಲೆಬರಹ ಕೊಟ್ಟೆ,
ವರದಿಯ ಮೊದಲ ವಾಕ್ಯ ಆಗಲೇ
ಒಳಗೆಲ್ಲೋ ಕುದಿ ಹಿಡಿದಿತ್ತು.

ಆಗ ಬಾಗಿಲು ತಟ್ಟಿದವಳು ಕೋ ಯೂ-ಚೆನ್.
ಮೂವತ್ತನಾಲ್ಕು. ಮಕ್ಕಳಿಗೆ ಈಜು ಕಲಿಸುವವಳು.
ನೀರೊಳಗೆ ಎರಡು ನಿಮಿಷ ಉಸಿರು ಕಟ್ಟುತ್ತಿದ್ದಳಂತೆ,
ಹೋದ ಬೇಸಿಗೆಯ ತನಕ.
ಸಿಗರೇಟು? ಸೊನ್ನೆ.
ಒಲೆ?
ನನ್ನ ಮುಖ ನೋಡಿದಳು.
ಒಂದು ಮೊಟ್ಟೆ ಬೇಯಿಸಲೂ ಬಾರದು ನನಗೆ,
ಅಮ್ಮ ಇವತ್ತಿಗೂ ಬೈಯುತ್ತಾಳೆ.
ಊದುಬತ್ತಿ? ನಾವು ಚರ್ಚಿಗೆ ಹೋಗುವವರು.
ಮನೆಯಲ್ಲಿ ಯಾರಿಗಾದರೂ?
ಯಾರಿಗೂ ಇಲ್ಲ.

ಸಾಲಾಗಿ ಕೂತ ಸೊನ್ನೆಗಳು
ಬಾಯಿ ತೆರೆದು ನನ್ನನ್ನೇ ನೋಡುತ್ತಿವೆ.
ಹಾಗಾದರೆ ಏಕೆ? ಎಂದಳು.
ನಾನು ಕೇಳಬೇಕಾದದ್ದನ್ನು ಅವಳು ಕೇಳಿದಳು.
ಶ್ವಾಸಕ್ಕೆಂದೇ ಕಟ್ಟಿದ ಈ ಐದು ಮಹಡಿಯಲ್ಲಿ
ಒಬ್ಬರೂ ಉಸಿರೆತ್ತುವುದಿಲ್ಲ.

ಬಂದರಿನಲ್ಲಿ ಹಡಗು ಕೂಗಿತು.
ಹೊರಗಿನ ಬೆಂಚಿನಿಂದ ಪೀ-ಯುನ್
ಮೂಗಿನ ಕೊಳವೆ ಸರಿಪಡಿಸಿಕೊಂಡು ಇಣುಕಿದಳು:
ಏನಾಯ್ತು, ಕಲಂ ಸಾಲಲಿಲ್ಲವೇ?
ಇನ್ನೊಂದು ಹಾಳೆ ತಗೋ.