ಎರಡೇ ಮಾತು

ಹೆಡ್‌ಮಾಸ್ಟರು ಪೂವಯ್ಯನವರು ಹೇಳಿದ್ದು ಎರಡೇ ಮಾತು.
ಬಸ್ಸು ನಾಲ್ಕೂಕಾಲಿಗೆ. ಅದು ಅವರಿಗೂ ಗೊತ್ತು,
ಮೈಕಿನ ಬ್ಯಾಟರಿಗೂ ಗೊತ್ತು.

ನೀವು ಹೊದಿಸಿದ ಶಾಲು ಕುತ್ತಿಗೆಗೆ ಚುಚ್ಚುತ್ತಿದೆ.
ಹೊರಗೆ ಕಾಫಿ ಹೂ ಬಿಟ್ಟ ವಾರ, ತಲೆ ಸಿಡಿಸುವಷ್ಟು ಘಮ.
ಬೀಳ್ಕೊಡುಗೆಗೆ ಬೇರೆ ದಿನ ಸಿಗಲಿಲ್ಲವೆ ಸರ್?
ಕಣ್ಣು ಒದ್ದೆಯಾದರೆ ಹೂವಿನ ಮೇಲೆ ಹಾಕಲಿ ಎಂದು
ಆರಿಸಿದಿರೋ ಏನೋ.

ನಾನು ಮೇಷ್ಟರಲ್ಲ. ನನಗೊಂದು ವಿಷಯವಿಲ್ಲ, ಪೀರಿಯಡ್ಡಿಲ್ಲ.
ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಕೊನೆಗೆ, ಪೆನ್ಸಿಲಿನಲ್ಲಿ.
ಆರು ವರ್ಷ ಯಾರೂ ಅದನ್ನು ಅಳಿಸಲಿಲ್ಲ,
ಯಾರೂ ಶಾಯಿಯಲ್ಲಿ ತಿದ್ದಲೂ ಇಲ್ಲ.
ಮಡಿಕೇರಿಯಿಂದ ಬಂದ ಸಾಹೇಬರು ಒಮ್ಮೆ ಕೇಳಿದರು:
‘ನೀವು ಇಲ್ಲಿ ಏನು ಮಾಡುತ್ತೀರಿ?’
‘ಇರುತ್ತೇನೆ ಸರ್’ ಎಂದೆ.
ಅವರು ಬರೆದುಕೊಳ್ಳಲಿಲ್ಲ.

ಇದ್ದೆ. ‘ಆನೆ ರಸ್ತೆಗಿಳಿದಿದೆ, ಮಕ್ಕಳನ್ನು ಬಿಡಬೇಡಿ’ ಎಂದು
ಫಾರೆಸ್ಟಿನವರ ಮೆಸೇಜು ಬಂದ ಸಂಜೆಗಳಲ್ಲಿ ಇದ್ದೆ.
ಕೇರಂ ಬೋರ್ಡಿಗೆ ಪೌಡರಿಲ್ಲ; ಅಡುಗೆಮನೆಯ ಲೀಲಕ್ಕ
ಕೊಟ್ಟರು ಒಂದು ಹಿಡಿ ಅಕ್ಕಿಹಿಟ್ಟು.
ಯಾರ ತೋಟ, ಯಾರ ಲೈನ್‌ಮನೆ, ಎಲ್ಲ ಮರೆತು
ಒಂದು ಕೆಂಪು ರಾಣಿಯ ಸುತ್ತ ಹನ್ನೆರಡು ತಲೆ.
ಮೊಣ್ಣಪ್ಪ ಸೋತ, ಸಫ್ವಾನ್ ಗೆದ್ದ,
ಅಸ್ಸಾಮಿನ ಜುನ್ಮೋನಿ ಇಬ್ಬರನ್ನೂ ಸೋಲಿಸಿ
ಮೊದಲ ಸಲ ಕನ್ನಡದಲ್ಲಿ ಬೈದಳು.
ಬೈದದ್ದು ತಪ್ಪೇ. ಆದರೂ ವ್ಯಾಕರಣ ಸರಿಯಿತ್ತು, ಕುಸುಮಾವತಿ ಟೀಚರ್.

ಹೆಸರು ಬರೆಯದೆ ಚೀಟಿ ಹಾಕಿ ಎಂದು ಇಟ್ಟ ತಗಡಿನ ಡಬ್ಬಿ, ನೆನಪಿದೆಯೆ?
ಮೊದಲ ಚೀಟಿ: ‘ಅಣ್ಣಾ, ನಿಮ್ಮ ಹಸಿರು ಅಂಗಿ ಚೆನ್ನಾಗಿಲ್ಲ.’
ಎರಡನೆಯದು: ‘ಅಪ್ಪ ಕುಡಿದು ಬಂದ ರಾತ್ರಿ
ನಾನು ಎಲ್ಲಿ ಮಲಗಲಿ?’
ಅಂಗಿ ಮಾರನೆಯ ದಿನವೇ ಬಿಟ್ಟೆ.
ಎರಡನೆಯದಕ್ಕೆ ಎಂಟು ತಿಂಗಳು ಹಿಡಿಯಿತು.
ನಾಲ್ಕು ಮನೆ, ಒಂದು ಠಾಣೆ, ಒಂದು ಹಾಸ್ಟೆಲ್ಲು,
ಆ ಅಪ್ಪನ ಪಕ್ಕ ತೋಡಿನ ದಂಡೆಯಲ್ಲಿ
ಸುಮ್ಮನೆ ಕೂತ ಎಷ್ಟೋ ಭಾನುವಾರ.
ಯಾರೆಂದು ಹೇಳುವುದಿಲ್ಲ.
ಹಿಂದೆ ತಿರುಗಿ ನೋಡಬೇಡಿ.

ಪಾಲಿಯ ಮಾತೆತ್ತದೆ ಇಳಿದರೆ ಇದು ಸುಳ್ಳು ಭಾಷಣ.
ಎಂಟನೇ ತರಗತಿ. ಹಾಡಿಯಿಂದ ಮೂರು ಮೈಲಿ ನಡೆದು ಬರುತ್ತಿದ್ದಳು.
ಡಿಸೆಂಬರಿನಲ್ಲಿ ತಾಯಿಯ ಜೊತೆ ಕಾಫಿ ಕೊಯ್ಯಲು ಹೋದಳು.
ಚೀಲ ತೂಗುವ ಹೊತ್ತಿಗೆ ಹುಡುಕಿ ಹೋದೆ;
ರೈಟರ ಪುಸ್ತಕದಲ್ಲಿ ತಾಯಿಯ ಹೆಸರಿತ್ತು, ಅವಳದಿರಲಿಲ್ಲ,
ತೂಕದಲ್ಲಿ ಮಾತ್ರ ಇಬ್ಬರೂ ಇದ್ದರು.
‘ನಾಳೆ ಬರ್ತೀನಣ್ಣ’ ಅಂದಳು.
ಫೆಬ್ರವರಿಯಲ್ಲೂ ಅದೇ ನಾಳೆ.
ಆಮೇಲೆ ಗುಡಿಸಲ ಬಾಗಿಲಿಗೆ ಅಡ್ಡ ಬಿದಿರು,
ಗಡಿಯಾಚೆ ಶುಂಠಿ ಕೀಳಲು ಹೋದರಂತೆ.
ನಾನು ಸೋತದ್ದು ಅವಳೊಬ್ಬಳ ವಿಷಯದಲ್ಲೇ ಅಲ್ಲ;
ಬರೆದಿಟ್ಟಿದ್ದೇನೆ, ಡೈರಿ ಬೀರುವಿನಲ್ಲಿದೆ.
ಆದರೆ ಹೊಸ ಹಾಜರಿ ಬರೆಯುವಾಗ ಸರ್,
ಅವಳ ಹೆಸರು ಹೊಡೆದುಹಾಕಬೇಡಿ.
ಪೆನ್ಸಿಲಿನಲ್ಲಾದರೂ ಇರಲಿ.
ನನ್ನದು ಅಳಿಸಿದ ಜಾಗ ಇದೆಯಲ್ಲ.

ಇನ್ನೊಂದು. ನನ್ನ ಕೋಣೆ ಮತ್ತೆ ಆಟದ ಸಾಮಾನಿನದಾಗುತ್ತದೆ, ಆಗಲಿ,
ಮುರಿದ ಹಾಕಿ ಸ್ಟಿಕ್ಕುಗಳ ಮನೆಯಲ್ಲಿ ನಾನೇ ಬಾಡಿಗೆಗಿದ್ದೆ.
ಅದರ ಹಿಂಬದಿಯ ಕಿಟಕಿಗೆ ಚಿಲಕವಿಲ್ಲ.
ಬಡಗಿ ಬಂದರೆ ಅದೊಂದನ್ನು ಬಿಟ್ಟುಬಿಡಿ.
ಗಣಿತದ ಪ್ರಿಪರೇಟರಿ ಪರೀಕ್ಷೆಯ ನಡುವೆ ಒಬ್ಬ ಹುಡುಗ
ಅಲ್ಲಿಂದಲೇ ಹಾರಿ ಓಡಿದ್ದ, ಮರದ ಲಾರಿಗೆ ಕ್ಲೀನರಾಗಿ.
ಮತ್ತೆ ಬಾಗಿಲಿಂದ ಒಳಗೆ ಬರಲು
ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು.
ಬಾಗಿಲಿಗೆ ನಾಚುವವರು ಇನ್ನೂ ಇದ್ದಾರೆ ಈ ಮಾಲ್ದಾರೆಯಲ್ಲಿ,
ಕಿಟಕಿಯಿಂದ ಮೊದಲು ಒಂದು ಕಾಲು ಬರುತ್ತದೆ,
ಆಮೇಲೆ ಚೀಲ,
ಕೇಳದೆ ಕಾದರೆ ಸಂಜೆಯ ಹೊತ್ತಿಗೆ ಮಾತು.

ಸೋಮವಾರದಿಂದ ಕುಟ್ಟದ ಹಾಸ್ಟೆಲ್ಲು. ದೂರವೇನಲ್ಲ
ಎಂದು ಎಲ್ಲರೂ ಹೇಳುತ್ತಿದ್ದೀರಿ, ನಾನೂ ಹೇಳುತ್ತಿದ್ದೇನೆ.

ಹಾರನ್ನು ಕೇಳಿತೆ?
ಶಾಲನ್ನು ಈಗ ತೆಗೆಯುತ್ತೇನೆ, ಬೇಸರಿಸಬೇಡಿ.
ಒಳಗೆ ಅದೇ ಹಸಿರು ಅಂಗಿ.
ಚೀಟಿ ಬರೆದವರು ಯಾರೋ,
ನಗಲಿ.