ಒಂದಕ್ಕೆ ಐನೂರು

ನನ್ನ ಕೈಯಲ್ಲಿ ಅದು ಎರಡಡಿ ಒಂದಿಂಚು, ಅಷ್ಟೆ.
ಕಾಟನ್‌ಪೇಟೆಯ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ಅಕ್ರಿಲಿಕ್ ಕೊಯ್ದು, ಅಂಟು ಬಳಿದು, ಉಸಿರು ಬಿಗಿಹಿಡಿದು
ಎಪ್ಪತ್ತೆರಡು ಮಹಡಿ ಒಂದರ ಮೇಲೊಂದು ಕೂರಿಸಿದವರು
ನಾನು, ಇಲಿಯಾಸು. ಹನ್ನೊಂದು ರಾತ್ರಿ.
ಅದಕ್ಕಿಂತ ಹೆಚ್ಚು ಯಾರೂ ಅದನ್ನು ಕಟ್ಟಲಿಲ್ಲ.

ಸಮುದ್ರದಾಚೆಯ ಕಂಪನಿ. ನಕ್ಷೆಯ ಮೂಲೆಯಲ್ಲಿ
ಓದಲು ಬಾರದ ಲಿಪಿಯಲ್ಲೊಂದು ಮೊಹರು.
ಬಂದವನು ಬೂಟು ಕಳಚಿಯೇ ಒಳಗೆ ಬಂದ, ಪಾಪ,
ಗೋಪುರದ ತುದಿಯನ್ನು ಬೆರಳಲ್ಲಿ ಮುಟ್ಟಿ ನಕ್ಕ.
ಜನ ಬೇಕು, ಅಂದ. ಬುಡದಲ್ಲಿ ಜನ ಓಡಾಡಬೇಕು.
ಒಂದಕ್ಕೆ ಐನೂರರ ಲೆಕ್ಕದಲ್ಲಿ ಮನುಷ್ಯನಿಗೆ
ಅಕ್ಕಿ ಉದ್ದವಾಯಿತು, ರಾಗಿ ಗಿಡ್ಡ.
ಎಳ್ಳು ಸರಿಹೋಯಿತು.
ಇಕ್ಕಳದಲ್ಲಿ ಹಿಡಿದು ಇನ್ನೂರ ಹತ್ತು ಎಳ್ಳು ನಿಲ್ಲಿಸಿದೆವು,
ಕೆಲವು ಬಿಳಿ, ಕೆಲವು ಕರಿ.
ಬಿಳಿಯವನ್ನು ಬಾಗಿಲ ಹತ್ತಿರ ಇಡು,
ಅಂದ ಅವನ ಜೊತೆ ಬಂದ ನಮ್ಮವನು.

ಮಾಗಡಿ ರಸ್ತೆಯ ಹಗ್ಗದವರ ಓಣಿ,
ನಲವತ್ತೊಂದು ಮನೆ, ಒಂದು ನಲ್ಲಿ, ಮಾರಮ್ಮನ ಗುಡಿ.
ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ಹಸಿರು.
ಸ್ಪಂಜು ಚೂರುಮಾಡಿ, ಬಣ್ಣದಲ್ಲದ್ದಿ, ಒಣಗಿಸಿ
ಮರ ನೆಟ್ಟೆ.
ಜೆಸಿಬಿಗಿಂತ ಮೊದಲು ಆ ಓಣಿ ಕೆಡವಿದವನು ನಾನು.
ಒಂದು ಮನೆ ಮಾತ್ರ, ಹುಣಸೆಬೀಜದಷ್ಟು,
ಮರದಡಿ ಮುಚ್ಚಿಟ್ಟೆ. ಯಾಕೆ ಅಂತ ಕೇಳಬೇಡಿ.

ಆಮೇಲೆ ಸದನದಲ್ಲಿ ಎರಡು ದಿನ ನೆರಳಿನ ಚರ್ಚೆ.
ಸಂಜೆ ಐದಕ್ಕೆ ಅದು ಕೆಂಪೇಗೌಡರ ಗೋಪುರದ ಮೇಲೆ ಬೀಳುತ್ತದೆ,
ಪರದೇಶಿ ನೆರಳು, ಎಂದರೊಬ್ಬರು.
ನೆರಳಿಗೆ ಕಮಿಷನ್ ಎಷ್ಟು, ಎಂದರು ಇನ್ನೊಬ್ಬರು.
ಮೇಜಿನ ದೀಪ ಹಿಡಿದು ನಾನು ನೋಡಿದ್ದೆ:
ಅಷ್ಟು ದೂರ ಹೋಗದು, ಓಣಿಯಲ್ಲೇ ಮುಗಿಯುತ್ತಿತ್ತು.
ಓಣಿಯ ಹೆಸರು ಯಾರೂ ಎತ್ತಲಿಲ್ಲ.
ಹೋದ ವರ್ಷ ಸಹಿ ಹಾಕಿದವರೇ ಈ ವರ್ಷ ಬಾವಿಗಿಳಿದರು.
ಟೌನ್‌ಹಾಲ್ ಮೆಟ್ಟಿಲ ಮೇಲೆ ಥರ್ಮಾಕೋಲಿನ ಗೋಪುರ ಸುಟ್ಟರು.
ಅದು ನನ್ನದಲ್ಲ. ಕೆಲಸ ಒರಟು, ಮಹಡಿ ಐವತ್ತೂ ಇರಲಿಲ್ಲ.

ಕೊನೆಗೆ ಸರ್ಕಾರ ಎಳ್ಳುನೀರು ಬಿಟ್ಟಿತು.
ಆಯೋಗ ಕೂತಿತು. ಮಾಡೆಲಿಗೆ ಅರಗಿನ ಮುದ್ರೆ, ಸಾಕ್ಷ್ಯ ಹದಿನೇಳು.
ಇಷ್ಟು ಎತ್ತರ ಮಾಡಲು ಹೇಳಿದವರು ಯಾರು?
ಸ್ವಾಮಿ, ನನ್ನ ಸೊಂಟಕ್ಕೂ ಬರೋದಿಲ್ಲ ಅದು, ಅಂದೆ.
ಬರೆದುಕೊಳ್ಳಲಿಲ್ಲ.
ಬಾಕಿ ಮೂವತ್ತೆಂಟು ಸಾವಿರದ ಮಾತೆತ್ತಿದೆ. ಅದನ್ನೂ.

ಮೊನ್ನೆ ಉಗ್ರಾಣದ ವೆಂಕೋಬರಾಯರ ಫೋನು:
ಇರುವೆ ಹತ್ತಿದೆ ಕಣಯ್ಯ, ಬಂದು ನೋಡು.
ಹೋದೆ. ಗೋಪುರ ಹಾಗೇ ಇದೆ, ಧೂಳು ಹೊದ್ದು.
ಜನ ಇಲ್ಲ. ಇನ್ನೂರ ಹತ್ತರಲ್ಲಿ ಒಬ್ಬರೂ.
ಬಿಳಿ ಕರಿ ಅನ್ನದೆ ಹೊತ್ತೊಯ್ದಿವೆ,
ಅಂಟಿನ ಚುಕ್ಕಿಗಳು ಉಳಿದಿವೆ.
ರಾಯರು ಚಹಾ ಹೇಳಲು ಹೊರಟಾಗ
ಮರ ಕಿತ್ತು ಹುಣಸೆಬೀಜದ ಮನೆ ಜೇಬಿಗೆ ಹಾಕಿಕೊಂಡೆ.

ಬರುತ್ತಾ ಓಣಿಯಲ್ಲಿ ಇಳಿದೆ.
ಅಳೆಯಲು ಬಂದವರು ಗೋಡೆಗೆ ಬಳಿದ ಕೆಂಪು ನಂಬರು
ಇನ್ನೂ ಮಾಸಿಲ್ಲ. ಪಾರ್ಸೆಲ್ ಹುಡುಗರು ಈಗ
ಅದನ್ನೇ ಕೂಗುತ್ತಾರೆ: ಇಪ್ಪತ್ತೊಂಬತ್ತು! ಯಾರ್ರೀ ಇಪ್ಪತ್ತೊಂಬತ್ತು?
ಸೆರಗಿಗೆ ಕೈ ಒರೆಸುತ್ತಾ ಬಂದಳು ಮುನಿಲಕ್ಕಮ್ಮ:
ಮೊದ್ಲು ನಮ್ಗೆ ನಂಬರೇ ಇರ್ಲಿಲ್ಲ ಕಣಪ್ಪ.
ಜೇಬಿನಲ್ಲಿ ಬೆರಳಾಡಿಸಿದೆ.
ಅಂಟು ಇನ್ನೂ ಹಸಿಯೋ, ನನ್ನ ಬೆವರೋ.